ದಾರಿ ಕೇಳದ ಅಳಿಯ

ದಾರಿ ಕೇಳುವುದೆಂದರೆ ನನಗೆ ಸುಸ್ತು. ಸಂಕೋಚವಲ್ಲ, ಅಹಂಕಾರವೂ ಅಲ್ಲ, ಬರೀ ಸುಸ್ತು. ನಮ್ಮ ರಾಯಚೂರು ಸೀಮೆಯಲ್ಲಿ ದಾರಿ ಕೇಳಿದವರಿಗೆ ಯಾರೂ ಬರೀ ದಾರಿ ಹೇಳಿ ಕಳಿಸುವುದಿಲ್ಲ. ಮೊದಲು ಯಾವೂರು ಎಂದು ಕೇಳುತ್ತಾರೆ, ಆಮೇಲೆ ಯಾರ ಪೈಕಿ ಎನ್ನುತ್ತಾರೆ, ಆಮೇಲೆ ಕಟ್ಟೆಯ ಧೂಳು ಕೊಡವಿ ಕೂಡಲು ಹೇಳುತ್ತಾರೆ. ಚಹಾ ಬರುತ್ತದೆ. ಚಹಾ ಮುಗಿಯುವ ಹೊತ್ತಿಗೆ ಅವರ ಅತ್ತಿಗೆಯ ತವರಿನ ಕಡೆಯಿಂದ ನಾವು ದೂರದ ಬೀಗರೆಂದು ಸಾಬೀತಾಗಿರುತ್ತದೆ. ದಾರಿ ಮಾತ್ರ ಇನ್ನೂ ಗೊತ್ತಾಗಿರುವುದಿಲ್ಲ. ಬೇರೆ ಕಾಲದಲ್ಲಾದರೆ ಇದನ್ನು ಹೇಗೋ ತಡೆದುಕೊಳ್ಳಬಹುದು. ಬಗಲಲ್ಲಿ ಮಗಳ ಮದುವೆ ಕಾರ್ಡಿನ ಚೀಲ ಇದ್ದಾಗ ಮಾತ್ರ ಇದು ದೊಡ್ಡ ಸಂಕಟ, ಯಾಕೆಂದರೆ ಚಹಾ ಕೊಟ್ಟವರಿಗೆ ಕಾರ್ಡು ಕೊಡದೆ ಏಳುವ ಗಂಡಸು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಮಾನ್ವಿಯಲ್ಲಿ ನನಗೆ ಆದದ್ದು ಇದೇ. ಹೆಂಡತಿಯ ಚಿಕ್ಕಮ್ಮನ ಮನೆ ಹುಡುಕುತ್ತ ಅಕ್ಕಿ ಗಿರಣಿಯ ಮಾಲೀಕರೊಬ್ಬರನ್ನು ದಾರಿ ಕೇಳಿದೆ. ಅವರು ಒಳಗೆ ಕರೆದರು, ಉಪ್ಪಿಟ್ಟು ತರಿಸಿದರು, ಕಾರ್ಡನ್ನು ಕೈಯಲ್ಲಿ ಹಿಡಿದು ಕಾಗದ ಬಹಳ ಚಲೋ ಅದ ಎಂದು ಹೊಗಳಿದರು. ಅವರಿಗೊಂದು ಕೊಟ್ಟೆ, ಪಕ್ಕದಲ್ಲಿ ಕೂತಿದ್ದ ತಮ್ಮನಿಗೊಂದು ಕೊಟ್ಟೆ, ಲೆಕ್ಕ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು, ಅವರಿಗೂ ಕೊಟ್ಟೆ. ಇಂಥ ನಾಲ್ಕಾರು ಕಟ್ಟೆ ಹತ್ತಿ ಇಳಿಯುವಷ್ಟರಲ್ಲಿ ಚೀಲ ಬರಿದಾಗಿ, ಚಿಕ್ಕಮ್ಮನ ಮನೆಗೆ ಬರಿಗೈಯಲ್ಲಿ ಹೋದೆ. ಮನೆಗೆ ಬಂದಾಗ ನನ್ನ ಹೆಂಡತಿ ನಾಗಮ್ಮ ಕೇಳಿದಳು: "ಯಾರ ಮನಿಗಿ ಹೋಗಿದ್ರಿ, ಯಾರಿಗಿ ಕೊಟ್ಟು ಬಂದ್ರಿ?" ನಾನು ಬರಿದಾದ ಚೀಲವನ್ನು ಗೂಟಕ್ಕೆ ತೂಗು ಹಾಕಿದೆ.

ಮಿಕ್ಕವರ ಮನೆಗಳಲ್ಲಿ ಇಂಥ ತಪ್ಪು ನಡೆದೀತು, ಅಮರಪ್ಪ ಮಾವನಲ್ಲಿ ನಡೆಯುವಂತಿರಲಿಲ್ಲ. ಅವರು ನಾಗಮ್ಮನ ಸೋದರಮಾವ. ತಂದೆಯಿಲ್ಲದ ಅವಳನ್ನು ಬೆಳೆಸಿ, ನಿಂತು ಮದುವೆ ಮಾಡಿಕೊಟ್ಟವರು. ದೇವದುರ್ಗ ತಾಲೂಕಿನ ಮಸರಕಲ್ಲಿನಿಂದ ಒಳಕ್ಕೆ, ಕಾಲುವೆಯಾಚೆ ಅವರ ಹಳ್ಳಿ. ನಾನು ಅಲ್ಲಿಗೆ ಹೋದದ್ದೇ ಅಪರೂಪ, ಹೋದಾಗಲೆಲ್ಲ ಬಸ್ಸಿನಲ್ಲಿ ನಿದ್ದೆ ಮಾಡಿದ್ದೇನೆ. ನಮ್ಮ ಹೊಸ ಮನೆಯ ಪ್ರವೇಶಕ್ಕೆ ಅವರು ಬಂದಿರಲಿಲ್ಲ. ನಾನು ಫೋನಿನಲ್ಲೇ ಕರೆದು ಮುಗಿಸಿದ್ದೆ, ಅವರು ಮೊಣಕಾಲು ನೋವೆಂದು ಹೇಳಿ ಮುಗಿಸಿದ್ದರು. ನಾಗಮ್ಮ ಅದನ್ನು ಮರೆತಿರಲಿಲ್ಲ. "ಈ ಸಲ ಮನಿತನಕ ಹೋಗಿ ಕರೀರಿ. ಮಾವ ಬರಲಿಲ್ಲಂದ್ರ ನಾ ಮದುವಿ ಹಂದರದಾಗ ಕಾಲಿಡಂಗಿಲ್ಲ. ಮಗಳ ಮದುವಿ ನೀವೊಬ್ಬರ ನಿಂತು ಮಾಡ್ರಿ" ಎಂದಳು. ಅವಳು ಸಿಟ್ಟಿನಲ್ಲಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಮೆಣಸಿನಕಾಯಿ ತೊಟ್ಟು ಮುರಿಯುತ್ತ, ತಲೆ ಎತ್ತದೆ ಹೇಳಿದಳು.

ಆಗ ನಾನು ಜಿಪಿಎಸ್ ಯಂತ್ರ ಕೊಳ್ಳಲು ತೀರ್ಮಾನಿಸಿದೆ. ಫೋನಿನಲ್ಲೇ ನಕ್ಷೆ ಇರುವಾಗ ಅದು ಯಾಕೆ ಎಂದು ನೀವು ಕೇಳಬಹುದು, ಎಲ್ಲರೂ ಕೇಳಿದರು. ನಮ್ಮ ಬಿಸಿಲಿನಲ್ಲಿ ಕಾರಿನ ಗಾಜಿಗೆ ಫೋನು ತೂಗು ಹಾಕಿದರೆ ಅದು ಕಾದು, ತಾನು ತಣ್ಣಗಾಗಬೇಕೆಂದು ಹೇಳಿ ಮಲಗಿಬಿಡುತ್ತದೆ. ಮಲಗದಿದ್ದರೆ, ಸರಿಯಾಗಿ ಕವಲುದಾರಿ ಬಂದಾಗ ಮದುವೆ ಅಡುಗೆಯವರ ಕರೆ ಬರುತ್ತದೆ, ನಕ್ಷೆ ಮಾಯವಾಗುತ್ತದೆ. ಹಳ್ಳಿಗಳ ಕಡೆ ಸಿಗ್ನಲ್ಲೂ ಇಲ್ಲ. ಅದೂ ಅಲ್ಲದೆ ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಇಡೀ ನೌಕರಿಯನ್ನು ಮೀಟರುಗಳ ಮುಂದೆ ಕೂತು ಕಳೆದವನು. ಮೀಟರಿನ ಮುಳ್ಳು ಯಾವೂರು ಎಂದು ಕೇಳುವುದಿಲ್ಲ, ಚಹಾ ಕುಡಿಯಿರಿ ಎನ್ನುವುದಿಲ್ಲ. ನನಗೆ ಯಂತ್ರದ ಮೇಲಿರುವ ನಂಬಿಕೆ ಮನುಷ್ಯರ ಮೇಲೆ ಇಲ್ಲ ಎಂದು ನಾಗಮ್ಮ ಹೇಳುವುದರಲ್ಲಿ ತಪ್ಪೇನೂ ಇಲ್ಲ.

ಎಲೆಕ್ಟ್ರಾನಿಕ್ ಅಂಗಡಿಯ ಖಾದರ್ ಸಾಬರು ಪರಿಚಯದವರು. "ಕಾರಿಗಿ ಬೇಕೋ, ನಡಿಯಾಕ ಬೇಕೋ, ಮೊದಲ ಅದನ್ನ ಹೇಳ್ರಿ ಸರ" ಎಂದರು. ಅಲ್ಲಿಂದ ನನ್ನ ದಣಿವಿನ ಎರಡನೇ ಭಾಗ ಶುರುವಾಯಿತು. ಕಾರಿನದಕ್ಕೆ ಅಂಗೈಗಿಂತ ದೊಡ್ಡ ಪರದೆ, ಒಳ್ಳೆಯ ಧ್ವನಿ, ಆದರೆ ಕಾರಿನಿಂದ ವೈರು ಕಿತ್ತರೆ ಬಾಗಿಲಿಗೆ ಕೀಲಿ ಹಾಕುವುದರೊಳಗೆ ಜೀವ ಬಿಡುತ್ತದೆ. ನಡೆಯುವವರದ್ದು ಟಾರ್ಚಿನಂತೆ ಗಟ್ಟಿಮುಟ್ಟು, ನೀರಿಗೆ ಬಿದ್ದರೂ ಏನಾಗುವುದಿಲ್ಲ, ಆದರೆ ಮೂಕ. ಅದರ ಪರದೆಯನ್ನು ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಕಣ್ಣಿಟ್ಟು ನೋಡಬೇಕು. ನನಗೆ ಎರಡೂ ಬೇಕಿತ್ತು. ಕಾರು ಊರಬಾಗಿಲ, ಅಂದರೆ ಅಗಸಿಯತನಕ ಹೋಗುತ್ತದೆ, ಅಗಸಿಯ ಒಳಗಿನ ಸಂದಿಗಳಲ್ಲಿ ಹೋಗಬೇಕಾದ್ದು ಕಾಲು. ಕಟ್ಟೆಗಳ ಮೇಲೆ ಜನ ಕೂತಿರುವುದೂ ಅಲ್ಲೇ. ಎರಡಕ್ಕೂ ಆಗುವಂಥವು ಒಂದೆರಡು ಇದ್ದವು. ಅವುಗಳನ್ನು ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದು, ಪರದೆ ಯಾವುದರಲ್ಲಿ ಕಾಣುತ್ತದೆ ಎಂದು ನೋಡುತ್ತ ನಿಂತೆ. "ಈ ಬಿಸಲಾಗ ನೀವ ನನಗ ಸರಿಯಾಗಿ ಕಾಣವಲ್ರಿ ಸರ, ಅದೇನು ಕಂಡೀತು" ಎಂದು ಖಾದರ್ ಸಾಬರು ನೆರಳಿನಿಂದಲೇ ಹೇಳಿದರು. ಕನ್ನಡ ಮಾತಾಡುವುದು ಇರಲಿಲ್ಲ, ಹಿಂದಿ ಹೆಣ್ಣುಮಗಳ ಧ್ವನಿಯದನ್ನು ತಂದೆ. ಹಲವು ಸಂಜೆ ಅಂಗಡಿಗೆ ಅಲೆದು ನಾನು ಒಂದು ಯಂತ್ರ ಆರಿಸಿದ್ದೆ. ಆ ಹೊತ್ತಿಗೆ ನಾಗಮ್ಮ ಮದುವೆಯ ಸೀರೆಗಳನ್ನೆಲ್ಲ ಆರಿಸಿ ಮುಗಿಸಿದ್ದಳು.

ಮಾವನ ಸೊಸೆ ನನ್ನ ಫೋನಿಗೆ ಅವರ ಮನೆಯ ಲೊಕೇಶನ್ ಕಳಿಸಿದ್ದಳು. ಅದನ್ನು ಯಂತ್ರಕ್ಕೆ ತುಂಬಿ ಹೊರಟೆ. ಹೇಳಬೇಕೆಂದರೆ ಹೋದದ್ದು ಸುಖವಾಗಿತ್ತು. ಹಿಂದಿ ಹೆಣ್ಣುಮಗಳು ಕಾಲುವೆ ರಸ್ತೆ ಹಿಡಿಸಿದಳು, ಹತ್ತಿ ಹೊಲಗಳ ನಡುವೆ ತಿರುಗಿಸಿದಳು, ಅಗಸಿಯ ಮುಂದೆ ನಿಲ್ಲಿಸಿದಳು. ಅಲ್ಲಿ ಕಾರು ಬಿಟ್ಟು, ಯಂತ್ರವನ್ನು ನಡಿಗೆಗೆ ಹೊಂದಿಸಿ, ತಲೆ ತಗ್ಗಿಸಿ ನಡೆದೆ. ಚಹಾದಂಗಡಿಯ ಮುಂದಿನವರು "ಯಾರ ಮನಿಗ್ರಿ?" ಎಂದರು, ನಾನು ಕೇಳಿಸದವನಂತೆ ಮುಂದೆ ಹೋದೆ. ಎರಡು ಗೋಡೆಗಳ ನಡುವೆ ನುಸುಳಿ, ಒಂದು ಬಣವೆ ಸುತ್ತಿ, ಎಮ್ಮೆಯೊಂದನ್ನು ದಾಟಿ, ತಟ್ಟಿಯ ಬಾಗಿಲು ತಳ್ಳಿದೆ. ಯಂತ್ರವು ನೀವು ಬಂದು ಸೇರಿದಿರಿ ಎಂದು ಹಿಂದಿಯಲ್ಲಿ ಘೋಷಿಸಿತು. ಎದುರಿಗೆ ಬಚ್ಚಲ ಕಲ್ಲಿನ ಮೇಲೆ ಅಮರಪ್ಪ ಮಾವ ತಲೆ ತುಂಬ ಸೋಪಿನ ನೊರೆ ಹಚ್ಚಿಕೊಂಡು ಕೂತಿದ್ದರು.

ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಹಿತ್ತಲಿನಲ್ಲಿ ಮಾತ್ರವಂತೆ. ಸೊಸೆ ಅಲ್ಲಿ ನಿಂತೇ ಲೊಕೇಶನ್ ಕಳಿಸಿದ್ದಳು.

ಮಾವ ಒಂದು ಕಣ್ಣು ತೆರೆದು ನೋಡಿದರು. ನಾನು ಕುಂಕುಮದ ಡಬ್ಬಿ, ಕಾರ್ಡು ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ. "ಅಳಿಯಾರ, ಊರಾಗ ಯಾರನ್ನ ಕೇಳಿ ಬಂದ್ರಿ?"

"ಯಾರನ್ನೂ ಕೇಳಲಿಲ್ಲ ಮಾವಾರ. ಇದು ತೋರಿಸ್ತು" ಎಂದು ಯಂತ್ರ ತೋರಿಸಿದೆ, ಸ್ವಲ್ಪ ಹೆಮ್ಮೆಯಿಂದಲೇ.

"ಅಮರಪ್ಪನ ಮನಿ ಎಲ್ಲದ ಅಂತ ಒಬ್ಬರನ್ನೂ ಕೇಳಲಿಲ್ಲ?" ಅವರು ತಂಬಿಗೆ ನೀರು ತಲೆಗೆ ಸುರಿದುಕೊಂಡರು. "ಹಿತ್ತಲದಿಂದ ಹೇಳಾಕ ಬರೋದು ಸತ್ತ ಸುದ್ದಿ ಅಳಿಯಾರ. ನನ್ನ ಮೊಮ್ಮಗಳ ಮದುವಿ ಊರಿಗಿ ಗೊತ್ತಾಗಬಾರದೇನು? ನನ್ನ ಹೆಸರು ಹೇಳಾಕ ನಿಮಗ ನಾಚಿಕಿ ಬಂತೇನು?" ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ನೋವಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. "ಅಗಸಿಗಿ ಹೋಗ್ರಿ. ಕೇಳಿಕೊಂತ ಬರ್ರಿ. ಅಲ್ಲಿತನಕ ನೀವು ಬಂದಿಲ್ಲ, ನಾ ನೋಡಿಲ್ಲ."

ಹೋದೆ. ಎಮ್ಮೆ, ಬಣವೆ, ಗೋಡೆ ಎಲ್ಲ ದಾಟಿ ಅಗಸಿಗೆ ಬಂದು ಚಹಾದಂಗಡಿಯ ಮುಂದೆ ನಿಂತು ಅಮರಪ್ಪನವರ ಮನೆ ಎಲ್ಲಿ ಎಂದು ಕೇಳಿದೆ. ಕೂತವರೆಲ್ಲ ಎದ್ದರು. "ನಮ್ಮ ಅಮರಪ್ಪಜ್ಜನ ಅಳಿಯಾರ? ಬರ್ರಿ, ಕುಂದರ್ರಿ." ಚಹಾ ಬಂತು. ಕಿಸೆಯಲ್ಲಿದ್ದ ಯಂತ್ರವನ್ನು ಬಂದ್ ಮಾಡುವುದನ್ನು ಮರೆತಿದ್ದೆ, ಅದು ಹಿಂದೆ ತಿರುಗಿರಿ ಎಂದು ಒಂದೇ ಸಮನೆ ಹೇಳುತ್ತಿತ್ತು. ಒಬ್ಬರು ಮೆಲ್ಲಗೆ ಹೇಳಿದರು: "ಸರ, ನಿಮ್ಮ ಕಿಸೇದಾಗ ಯಾರೋ ಹೆಣ್ಣುಮಗಳು ಮಾತಾಡಾಕತ್ತಾಳ." ಕಟ್ಟೆಯಿಂದ ಕಟ್ಟೆಗೆ ಚಹಾ ಕುಡಿಯುತ್ತ, ಕಾರ್ಡು ಕೊಡುತ್ತ, ಸಣ್ಣ ಮೆರವಣಿಗೆಯ ಮುಂದೆ ನಡೆದು ಮುಂಬಾಗಿಲಿಗೆ ಬಂದೆ. ಮಾವ ಹೊಸ ಧೋತರ ಉಟ್ಟು, ಈಗಷ್ಟೇ ನನ್ನನ್ನು ಕಂಡವರಂತೆ, "ಯಾವಾಗ ಬಂದ್ರಿ ಅಳಿಯಾರ?" ಎಂದರು. ಕಾರ್ಡನ್ನು ಕಣ್ಣಿಗೊತ್ತಿಕೊಂಡರು.

ಹೊರಡುವಾಗ ಕಾರು ಕಳಿಸುತ್ತೇನೆಂದೆ. "ಬ್ಯಾಡ. ಹಂದರದ ದಿನಾ ನಾನ ಬರ್ತೀನಿ. ರಾಯಚೂರಿಗಿ ಇಳಿದು, ನಿಮ್ಮ ಹೆಸರು ಕೇಳಿಕೊಂತ ಬರ್ತೀನಿ. ಯಾರಿಗೂ ಗೊತ್ತಿಲ್ಲಂದ್ರ ತಿರುಗಿ ಬಸ್ ಹತ್ತತೀನಿ" ಎಂದರು.

ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಶಕ್ತಿನಗರದಲ್ಲಿ ನನಗೆ ಕ್ವಾರ್ಟರ್ಸಿನ ನಂಬರಿತ್ತು, ಅಷ್ಟೇ ಸಾಕಾಗಿತ್ತು. ರಾಯಚೂರಿನ ಈ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಮೇಲೆ ನಾನು ಯಾರನ್ನೂ ಏನನ್ನೂ ಕೇಳಿದವನಲ್ಲ. ಕಿರಾಣಿ ಅಂಗಡಿಗೆ ಹೋಗಿ, ಯಾರಾದರೂ ಶರಣಪ್ಪನ ಮನೆ ಕೇಳಿದರೆ ನನ್ನದು ತೋರಿಸಿ ಎಂದೆ. ಅಂಗಡಿಯವರು "ಶರಣಪ್ಪ ಅಂದ್ರ ಯಾರ್ರಿ?" ಎಂದರು. ನಾನೇ ಎಂದಾಗ, "ಅವರಿಗಿ ಲೊಕೇಶನ್ ಕಳಸಿಬಿಡ್ರಿ, ಆರಾಮ ಆಗ್ತದ" ಎಂದು ಸಲಹೆ ಕೊಟ್ಟರು. ಹಂದರ ನೋಡಿ ಗುರುತು ಹಿಡಿಯುತ್ತಾರೆಂದರೆ ಅದು ಲಗ್ನದ ಹಂಗಾಮು, ಓಣಿಗೊಂದು ಹಂದರ.

ಕಡೆಗೆ ಹಂದರದ ದಿನ ಬೆಳಿಗ್ಗೆಯಿಂದ ನಾನೇ ಓಣಿಯ ಮೂಲೆಯಲ್ಲಿ ಹೋಗಿ ನಿಂತೆ. ಬಿಸಿಲೇರಿದ ಮೇಲೆ ಆಟೋದಿಂದ ಮಾವ ಇಳಿದರು. ನನ್ನನ್ನು ನೋಡಿದರು. ನೋಡಿಯೂ ನೋಡದವರಂತೆ ದಾಟಿ ಪಾನ್ ಡಬ್ಬಿ ಅಂಗಡಿಗೆ ಹೋಗಿ ಕೇಳಿದರು: "ಶಕ್ತಿನಗರದಿಂದ ಬಂದು ಮನಿ ಕಟ್ಟಿಸ್ಯಾರಲ್ಲ, ಶರಣಪ್ಪ ಅಂತ, ಅವರ ಮನಿ ಎಲ್ಲದ್ರಿ?"

"ಗೊತ್ತಿಲ್ಲ ಯಜಮಾನ್ರ" ಎಂದ ಪಾನಿನವನು. "ಅಲ್ಲೊಬ್ಬರು ಮುಂಜಾನಿಂದ ನಿಂತಾರ ನೋಡ್ರಿ, ಅವರನ್ನ ಕೇಳ್ರಿ. ಅವರೂ ಯಾರದೋ ಮನಿ ಹುಡುಕಾಕತ್ತಂಗ ಕಾಣ್ತದ."

ಮಾವ ನಿಧಾನವಾಗಿ ನನ್ನ ಹತ್ತಿರ ಬಂದರು. "ಯಪ್ಪಾ, ಶರಣಪ್ಪನವರ ಮನಿ ಗೊತ್ತದೇನು?" ಎಂದರು. ಮುಖದಲ್ಲಿ ನಗುವಿನ ಎಳೆಯೂ ಇರಲಿಲ್ಲ.

"ಗೊತ್ತದ್ರಿ. ಬರ್ರಿ, ತೋರಸ್ತೀನಿ" ಎಂದೆ.

ಮುಂಬಾಗಿಲಿನಲ್ಲಿ ನಿಂತು ಮಾವ ಒಳಗೆ ಕೂಗಿದರು: "ನಾಗವ್ವಾ, ಬಂದೆ ಬೇ. ನಿನ್ನ ಗಂಡನ ಹೆಸರು ಗೊತ್ತಿದ್ದಾಂವ ಒಬ್ಬ ಸಿಕ್ಕಾನ ಓಣ್ಯಾಗ. ಮನಿತನಕ ಬಂದು ಬಿಟ್ಟ."

ಅಡುಗೆಮನೆಯಿಂದ ನಾಗಮ್ಮನ ಧ್ವನಿ ಬಂತು, ಎಷ್ಟೋ ದಿನದ ಮೇಲೆ ಹಗುರಾಗಿ: "ಪಾಪ, ಅವರಿಗೂ ಒಳಗ ಬರ್ರಿ ಅನ್ರಿ ಮಾವ. ಒಂದು ಕಪ್ ಚಾ ಕುಡದು ಹೋಗಲಿ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.