ಅರ್ಜಿಗೆ ಮೊದಲೇ ಅರ್ಧ ಡಾಕ್ಟರು

ನನ್ನ ತಂಗಿ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವ ಮೊದಲೇ ಅರ್ಧ ಡಾಕ್ಟರಾಗಿದ್ದಳು. ಉಳಿದರ್ಧಕ್ಕೆ ಸೀಟೊಂದು ಬೇಕಿತ್ತು, ಅಷ್ಟೆ! ಅದೂ ಆ ವರ್ಷವೇ ಸಿಗಬೇಕು. ಇಲ್ಲವಾದರೆ ಬಳಗಾನೂರಿನ ವರನಿಗೆ ಕೊಟ್ಟುಬಿಡುವುದೆಂದು ಅವ್ವ ಗಡುವು ಹಾಕಿದ್ದಳು.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟವನು. ಅಂಗಡಿಯ ಹಿಂದೆಯೇ ಮನೆ. ನನ್ನ ದುಡಿಮೆಯಲ್ಲೇ ಅವಳು ಓದಬೇಕೆಂಬ ಹಟ ನನ್ನದು. ರಾಯಚೂರಿನ ಹಳೇ ಪುಸ್ತಕದ ಅಂಗಡಿಗೆ ಹೋಗಿ, "ಡಾಕ್ಟರ್ ಆಗೋ ಪುಸ್ತಕ ಕೊಡ್ರಿ, ದಪ್ಪಂದು" ಎಂದೆ. ಕೊಟ್ಟದ್ದು ಇಂಜಿನ್ ಹೆಡ್ಡಿನಷ್ಟು ಭಾರ, ತುಂಬ ಎಲುಬಿನ ಚಿತ್ರಗಳು. ಇದಕ್ಕಿಂತ ಒಳ್ಳೆಯದು ಇದ್ದೀತೇ?

ಅಂದಿನಿಂದ ಹುಡುಗಿ ನೆಲದ ಮೇಲಿರಲಿಲ್ಲ. ಸೈನ್ಸ್ ಓದಲು ದಿನಾ ಲಿಂಗಸುಗೂರಿಗೆ ಹೋಗುವವಳು, ಬಸ್ಸು ಮಸ್ಕಿ ಗುಡ್ಡ ದಾಟುವಾಗ ಕನಸಿನಲ್ಲೆಂಬಂತೆ ಪಕ್ಕದ ಮುದುಕಿಯ ಕೈ ಹಿಡಿದು ಎಲುಬು ಎಣಿಸತೊಡಗಿದಳಂತೆ. ಮುದುಕಿ ಇನ್ನೊಂದು ಕೈಯನ್ನೂ ಚಾಚಿ, "ಹಸರ ಬಳಿ ತೊಡಸವಾ, ಜರಾ ಸಡ್ಲ ಇರಲಿ" ಅಂದಳಂತೆ.

ಮನೆಯಲ್ಲಿ ಬಾಡೂಟವಾದರೆ ನಮ್ಮ ಫಜೀತಿ ಬೇರೆ. ಎಲುಬು ಚೀಪುವಂತಿಲ್ಲ, ತೊಳೆದು ತಾಟಿನಲ್ಲಿ ಸಾಲಾಗಿ ಜೋಡಿಸುವಳು. "ಕುರಿ ಎದ್ದು ಓಡೀತು, ತಿನ್ನಾಕ ಬಿಡಬೇ" ಎಂದು ಅವ್ವ ಗದರುವಳು.

ನಾನೂ ಒಮ್ಮೆ ಕೇಳಿದೆ: "ಇಷ್ಟು ಮೊದ್ಲ ಯಾಕ ಓದತಿ? ನಾ ಇಂಜಿನ್ ಬಿಚ್ಚಿ ಕಲಿತೆ, ಓದಿ ಅಲ್ಲ."

"ನೀ ತಪ್ಪು ಬಿಚ್ಚಿದರ ಟ್ರ್ಯಾಕ್ಟರ್ ಸುಮ್ಮನ ನಿಂತಿರತೈತಿ ಅಣ್ಣಾ. ನನ್ನ ಗಿರಾಕಿ ಒದರತಾನ."

ಸಂಜೆ ನಾನು ಗ್ರೀಸಿನ ಕೈ ತೊಳೆದು ಅಂಗಡಿಯ ಮುಂದೆ ಕೂರುತ್ತಿದ್ದೆ. ಅವಳು ಕಾಲುವೆಯ ನೀರು ಹರಿದಂತೆ ಮೆಲ್ಲಗೆ ಓದಿ, ಕನ್ನಡದಲ್ಲಿ ಬಿಡಿಸಿ ಹೇಳುವಳು. ಹೃದಯದ ಪುಟ ಬಂದರೆ ನನಗೆ ಡೀಸೆಲ್ ಪಂಪು ಕಾಣುತ್ತಿತ್ತು. ಭತ್ತದ ಗದ್ದೆಗಳಾಚೆ ಹೊತ್ತು ಮುಳುಗುವವರೆಗೆ ಹೂಂ, ಹೂಂ ಅನ್ನುತ್ತಿದ್ದೆ.

ಪ್ರವೇಶ ಪರೀಕ್ಷೆಗೆ ತಿಂಗಳಿರುವಾಗ, ಟ್ರ್ಯಾಕ್ಟರ್ ರಿಪೇರಿಗೆ ತಂದ ಕಾಲೇಜಿನ ಮಾಸ್ತರೊಬ್ಬರು ಆ ಪುಸ್ತಕ ತಿರುವಿ ನಕ್ಕರು. "ಇದು ಸೀಟು ಸಿಕ್ಕ ಮ್ಯಾಲ ಓದೋದು ತಮ್ಮಾ. ಸೀಟು ಸಿಗಬೇಕಂದ್ರ ಫಿಸಿಕ್ಸು, ಕೆಮಿಸ್ಟ್ರಿ ಓದಬೇಕು."

ಒಳಗೆ ಹೋಗಿ ತಂಗಿಯನ್ನು ಕೇಳಿದೆ: "ನಿನಗ ಗೊತ್ತಿತ್ತೇನು?"

"ತಂದ ದಿನಾನ ಗೊತ್ತಾತು."

"ಮತ್ತ ಹೇಳಾಕ ಏನಾಗಿತ್ತು?"

"ಪರೀಕ್ಷಾದ್ದು ನಸುಕಿನ್ಯಾಗ ಎದ್ದು ಓದಾಕತ್ತೀನಿ. ಇದು ನೀ ಕೇಳತಿ ಅಂತ ಓದೀನಿ. ಶಾಲಿ ಬಿಟ್ಟ ಮ್ಯಾಲ ನೀ ಪುಸ್ತಕದ ಮುಂದ ಕುಂತಿದ್ದು ಇದ ಮೊದಲು, ಅಣ್ಣಾ."

"ಇವತ್ತಿಂದ ಸಂಜಿಗೂ ಫಿಸಿಕ್ಸನ್ನ ಓದು. ಅದನ್ನೂ ಕೇಳತೀನಿ" ಎಂದೆ. ಒಂದಕ್ಷರ ತಿಳಿಯಲಿಲ್ಲ. ತಿಂಗಳಿಡೀ ಹೂಂಗುಟ್ಟಿದೆ.

ಸೀಟು ಸಿಕ್ಕಿತು, ಬಳ್ಳಾರಿಯಲ್ಲಿ. ಅಲ್ಲಿಂದ ಅವಳ ಮೊದಲ ಕಾಗದ ಬಂತು: "ಅಣ್ಣಾ, ಇಲ್ಲಿ ಎಲ್ಲರೂ ಓದುವವರೇ. ಕೇಳುವವರು ಯಾರೂ ಇಲ್ಲ."

ಅದನ್ನು ಅವ್ವನ ಮುಂದೆ ಗಟ್ಟಿಯಾಗಿ ಓದಿದೆ. ಅವ್ವ ಸಾಲು ಸಾಲಿಗೂ ಹೂಂ ಅಂದಳು.