ಬೀರುವಿನಲ್ಲಿದ್ದ ಅಸಲಿ ಕ್ಲಿಪ್ಪು

ಹೋಟೆಲಿನಲ್ಲಿ ಅಡುಗೆ ಮಾಡುವವರು ಮಧ್ಯಾಹ್ನ ಮೂಲೆಯಲ್ಲಿ ಕೂತು ಮನೆಯಿಂದ ತಂದ ಬುತ್ತಿ ಬಿಚ್ಚುವುದನ್ನು ಕಂಡರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಒಳಗಿನ ವ್ಯವಹಾರ ಬಲ್ಲವನಿಗೆ ಇರುವ ಹೆದರಿಕೆ ಹೊರಗಿನವರಿಗೆ ಹೇಗೆ ತಿಳಿಯಬೇಕು? ನಾನು ಬೊಮ್ಮಸಂದ್ರದ ಒಂದು ಸಾಧಾರಣ ಆಸ್ಪತ್ರೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವನು. ನೇಮಕಾತಿ ಪತ್ರದಲ್ಲಿ ಬಯೋಮೆಡಿಕಲ್ ಎಂಜಿನಿಯರ್ ಎಂದಿದೆ; ನನ್ನ ಮಾವನವರು ಮಾತ್ರ ನೆಂಟರಿಗೆಲ್ಲ "ಆಸ್ಪತ್ರೇಲಿ ಕರೆಂಟ್ ಕೆಲಸ" ಎಂದೇ ಪರಿಚಯಿಸುತ್ತಾರೆ. ಅವರದ್ದೇನೂ ತಪ್ಪಿಲ್ಲ. ಮದುವೆಮನೆಯಲ್ಲಿ ಸೀರಿಯಲ್ ಸೆಟ್ ಉರಿಯದಿದ್ದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ, ನಾನೂ ಊಟದ ಪಂಕ್ತಿ ಬಿಟ್ಟು ಎದ್ದು ಹೋಗುತ್ತೇನೆ. ಬೆಸುಗೆ ಹಾಕಿದರೆ ಸರಿಹೋಗದ್ದು ಲೋಕದಲ್ಲಿ ಏನೂ ಇಲ್ಲ ಎಂಬ ಅಹಂಕಾರ ನನಗೆ ಡಿಪ್ಲೊಮಾ ಓದುವಾಗಲೇ ಹತ್ತಿಕೊಂಡದ್ದು.

ಕೆಲವು ವರ್ಷಗಳ ಹಿಂದೆ ನಮ್ಮ ಆಪರೇಷನ್ ಥಿಯೇಟರುಗಳಿಗೆ ಹೊಸ ಮಾನಿಟರುಗಳು ಬಂದವು. ರೋಗಿಯ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸುತ್ತಾರಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದು, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಹೇಳುವುದು ಅದೇ. ಈ ಹೊಸ ಯಂತ್ರಕ್ಕೆ ಸಿಕ್ಕಸಿಕ್ಕ ಕ್ಲಿಪ್ಪು ಆಗುವುದಿಲ್ಲ. ಕ್ಲಿಪ್ಪಿನ ವೈರಿನ ತುದಿಯಲ್ಲಿರುವ ಪ್ಲಗ್ಗಿನೊಳಗೆ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಇರುತ್ತದೆ. ಚುಚ್ಚಿದ ಕೂಡಲೇ ಯಂತ್ರ ತಾನಾಗಿಯೇ ಅದರ ಕುಲಗೋತ್ರ ವಿಚಾರಿಸುತ್ತದೆ. ತನ್ನ ಕಂಪನಿಯದೇ ಆದರೆ ಪರದೆಯ ಮೇಲೆ ಹಸಿರು ಗುರುತು. ಇಲ್ಲದಿದ್ದರೆ ಕೆಂಪು ಅಕ್ಷರ, ಅಂಕಿಯನ್ನೇ ತೋರಿಸುವುದಿಲ್ಲ. ಇದರಿಂದ ನನಗೆ ಭಾರಿ ಅವಮಾನವಾಯಿತು. ನಮ್ಮ ಪೀಣ್ಯದಲ್ಲಿ ತಯಾರಾದ ಕ್ಲಿಪ್ಪಿಗೆ ಬೆರಳು ಹಿಡಿಯಲು ಬರುವುದಿಲ್ಲವೇ?

ಒಂದು ದಿನ ಎರಡನೇ ಥಿಯೇಟರಿನ ಕ್ಲಿಪ್ಪು ಕೆಳಗೆ ಬಿದ್ದು ಒಡೆಯಿತು. ಹೊಸದು ಬರಲು ಮೂರು ವಾರ ಬೇಕೆಂದು ಕಂಪನಿ ಹೇಳಿತು, ಸರ್ಜನ್ನರು ಕೂಗಾಡಿದರು. ಹಳೆಯ ಪ್ಲಗ್ಗು ಸರಿಯಾಗಿಯೇ ಇತ್ತು. ಅದನ್ನು ಕತ್ತರಿಸಿ ಪೀಣ್ಯದ ಕ್ಲಿಪ್ಪಿನ ವೈರಿಗೆ ಬೆಸೆದು, ಮೇಲೆ ಕಪ್ಪು ಟೇಪು ಸುತ್ತಿ ಚುಚ್ಚಿದೆ. ಯಂತ್ರ ಗೋತ್ರ ಕೇಳಿತು, ಪ್ಲಗ್ಗು ತನ್ನದನ್ನು ಹೇಳಿತು, ಹಸಿರು ಗುರುತು ಬಂತು. ನಾನು ಯಾರಿಗೂ ಹೇಳಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೂರು ವಾರವಾದ ಮೇಲೆ ಅಸಲಿ ಕ್ಲಿಪ್ಪು ಬಂದಾಗ ಅದನ್ನು ಡಬ್ಬದ ಸಮೇತ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಯಾಕೆಂದು ಕೇಳಬೇಡಿ. ನಮ್ಮ ಮನೆಯಲ್ಲಿ ಹೊಸ ಕುಕ್ಕರ್ ಮೂರು ವರ್ಷದಿಂದ ಡಬ್ಬದಲ್ಲೇ ಇದೆ, ಹಳೆಯದು ಇನ್ನೂ ಕೂಗುತ್ತಿದೆಯಲ್ಲ.

ಹೀಗೆ ಆರು ತಿಂಗಳು ಕಳೆದವು. ಒಂದು ಗುರುವಾರ ಬೆಳಿಗ್ಗೆ ಎಕ್ಸ್-ರೇ ಯಂತ್ರವನ್ನು ಗೋಡೆಯ ಕಡೆಗೆ ತಳ್ಳುತ್ತಿದ್ದೆ. ಎರಡು ವರ್ಷದಿಂದ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ನನ್ನ ಹರ್ನಿಯಾ ಚುರುಕ್ಕೆಂದು ಸಿಕ್ಕಿಕೊಂಡಿತು. ಸರ್ಜನ್ನರು ಹೊಟ್ಟೆ ಒತ್ತಿ ನೋಡಿ, ಈಗಲೇ ಆಪರೇಷನ್ ಆಗಬೇಕು, ತಡಮಾಡಿದರೆ ಕರುಳು ಕೊಳೆಯುತ್ತದೆ ಎಂದರು. ಮೊದಲನೇ ಥಿಯೇಟರಿನಲ್ಲಿ ಸಿಸೇರಿಯನ್ ಹೆರಿಗೆ ನಡೆಯುತ್ತಿತ್ತು. ನನಗೆ ಎರಡನೆಯದು. ಓಡಿಬಂದ ಹೆಂಡತಿ ಸುಮಾಳಿಗೆ, "ಬೇರೆ ಆಸ್ಪತ್ರೆಗೆ ಹೋಗೋಣ ಕಣೇ" ಎಂದೆ.

"ಏನ್ರೀ ಹಂಗಂದ್ರೆ? ನೀವು ಕೆಲಸ ಮಾಡೋ ಆಸ್ಪತ್ರೆ ಮೇಲೆ ನಿಮಗೇ ನಂಬಿಕೆ ಇಲ್ವಾ?"

ನನ್ನ ಪ್ಯಾಂಟು ಬಿಚ್ಚಿಸಿ, ಹಸಿರು ಗೌನು ತೊಡಿಸಿ, ಪ್ಯಾಂಟನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಅವಳ ಕೈಗೆ ಕೊಟ್ಟರು. ಬೀರುವಿನ ಕೀ ಆ ಪ್ಯಾಂಟಿನ ಜೇಬಿನಲ್ಲಿದೆ ಎಂದು ಹೊಳೆಯುವಷ್ಟರಲ್ಲಿ ಥಿಯೇಟರಿನ ಬಾಗಿಲು ಮುಚ್ಚಿಕೊಂಡಿತ್ತು.

ಗದಗದ ಕಡೆಯ ಸಿಸ್ಟರ್ ಮಹಾದೇವಿ ನನ್ನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರು. ನಾನೇ ಸುತ್ತಿದ ಕಪ್ಪು ಟೇಪು, ತುದಿ ಸ್ವಲ್ಪ ಬಿಟ್ಟುಕೊಂಡಿತ್ತು. ಪರದೆಯಲ್ಲಿ ಹಸಿರು ಗುರುತು ಬಂತು. ಆಮ್ಲಜನಕ ತೊಂಬತ್ತೆಂಟು, ಎದೆಬಡಿತ ನೂರಾ ಇಪ್ಪತ್ತಾರು. ನಾನು ಒಳಗೊಳಗೇ ಸಾಯುತ್ತಿರುವಾಗಲೂ ಇದು ತೊಂಬತ್ತೆಂಟು ಎಂದೇ ತೋರಿಸುತ್ತಿದ್ದರೆ ಕೇಳುವವರು ಯಾರು?

"ಯಾಕ್ರೀ ಸರ, ಇಷ್ಟ್ಯಾಕ ನಡುಗಾಕತ್ತೀರಿ? ದಿನಾ ನೋಡೂ ಜಾಗಾನ ಐತಲ್ಲ" ಎಂದರು ಸಿಸ್ಟರ್.

ಬೆನ್ನಿಗೆ ಸೂಜಿ ಚುಚ್ಚಲು ಅರಿವಳಿಕೆಯ ಡಾಕ್ಟರ್ ವಸುಂಧರಾ ಬಂದರು. ತಡೆಯಲಾಗಲಿಲ್ಲ. "ಮೇಡಂ, ಆ ಕ್ಲಿಪ್ ಡೂಪ್ಲಿಕೇಟ್" ಎಂದುಬಿಟ್ಟೆ.

"ಭಯಕ್ಕೆ ಏನೇನೋ ಮಾತಾಡ್ಬೇಡಿ. ಜೆನ್ಯೂನ್ ಅಂತ ಮೆಷಿನ್ನೇ ತೋರಿಸ್ತಿದೆ ನೋಡಿ."

"ಅದು ಪ್ಲಗ್ಗನ್ನ ಮಾತ್ರ ನೋಡತ್ತೆ ಮೇಡಂ. ಕ್ಲಿಪ್ ಬೇರೆ. ನಾನೇ ಬೆಸುಗೆ ಹಾಕಿದ್ದು."

ಅವರು ನನ್ನ ಬೆರಳಿನಿಂದ ಕ್ಲಿಪ್ಪು ಬಿಡಿಸಿ, ಟೇಪನ್ನು ಉಗುರಿನಿಂದ ಕೆದಕಿ ನೋಡಿದರು. "ಎಷ್ಟು ದಿನ ಆಯ್ತು?"

"ಆರು ತಿಂಗಳು."

"ಆರು ತಿಂಗಳಿಂದ ಈ ನಂಬರ್ ನೋಡ್ಕೊಂಡು ಜನರ ಪ್ರಜ್ಞೆ ತಪ್ಪಿಸ್ತಿದ್ದೀನಿ ನಾನು" ಎಂದು ಮೆಲ್ಲಗೆ ಹೇಳಿ, ಆ ಕ್ಲಿಪ್ಪನ್ನು ಕಸದ ಬುಟ್ಟಿಗೆ ಹಾಕಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಸಲಿ ನನ್ನ ಬೀರುವಿನಲ್ಲಿದೆ, ಕೀ ಸುಮಾಳ ಕೈಲಿರುವ ಪ್ಯಾಂಟಿನ ಜೇಬಿನಲ್ಲಿದೆ ಎಂದೆ. ಸಿಸ್ಟರ್ ಮಹಾದೇವಿ ಓಡಿಹೋಗಿ ಡಬ್ಬದ ಸಮೇತ ಬಂದರು. "ಅಕ್ಕಾರು ಕೀಲಿ ಕೊಟ್ರು ಸರ. ಯಾಕಂತ ಕೇಳಿದ್ರು, ಎಲ್ಲಾ ಹೇಳಿಬಿಟ್ನಿ" ಎಂದರು. ಅಸಲಿ ಕ್ಲಿಪ್ಪು ಹಾಕಿದಾಗಲೂ ಪರದೆಯಲ್ಲಿ ಅದೇ ಹಸಿರು ಗುರುತು, ಅದೇ ತೊಂಬತ್ತೆಂಟು. ನನ್ನ ಭಯ ಇಳಿಯಬೇಕಿತ್ತು, ಏರಿತು. ಇಷ್ಟು ದಿನ ನನ್ನಿಂದ ಮೋಸಹೋದ ಯಂತ್ರವನ್ನು ಈಗ ಯಾವ ಮುಖ ಇಟ್ಟುಕೊಂಡು ನಂಬಲಿ? ವಸುಂಧರಾ ಅವರು ಅದನ್ನು ಪೂರ್ತಿ ನಂಬದೆ ಆಪರೇಷನ್ ಮುಗಿಯುವವರೆಗೂ ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು. ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ, ಆ ಎರಡು ಬೆರಳು ಮಾತ್ರ ಗೊತ್ತಾಗುತ್ತಿದ್ದವು.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನ ವಾರ್ಡಿನಲ್ಲಿ ಸುಮಾ ಪಕ್ಕದಲ್ಲಿ ಕೂತು ಮೂಸಂಬಿ ಸುಲಿಯುತ್ತಿದ್ದಳು. ಬೈಗುಳ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಕಾದೆ. ಅವಳು ಬೈಯಲಿಲ್ಲ.

"ರೀ, ನನ್ನ ಗಾಲ್‌ಬ್ಲಾಡರ್ ಆಪರೇಷನ್ ಆಗಿ ನಾಲ್ಕು ತಿಂಗಳಾಯ್ತಲ್ವಾ?"

"ಹೂಂ."

"ಯಾವ ಥಿಯೇಟರ್ ಅದು?"

"ಎರಡನೇದು."

"ಅಷ್ಟೊತ್ತಿಗೆ ಅಸಲಿ ಕ್ಲಿಪ್ಪು ಬಂದಿತ್ತಾ?"

"ಬೀರುನಲ್ಲಿತ್ತು."

"ನಾನು ಒಳಗಿದ್ದಾಗ ನೀವು ಎಲ್ಲಿದ್ರಿ?"

"ಹೊರಗೇ ಇದ್ನಲ್ಲ ಸುಮಾ" ಎಂದೆ. ಸುಳ್ಳೇನಲ್ಲ, ಕ್ಯಾಂಟೀನು ಇರುವುದು ಹೊರಗೇ. ಅಲ್ಲಿ ಎರಡು ಪಫ್ ತಿಂದು, ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ ಕೂತಿದ್ದೆ. ಅವಳು ಪ್ರಜ್ಞೆಯಿಲ್ಲದೆ ಮಲಗಿದ್ದ ಆ ಒಂದೂವರೆ ಗಂಟೆಯಲ್ಲಿ ಕಪ್ಪು ಟೇಪಿನ ನೆನಪು ನನಗೆ ಒಮ್ಮೆಯೂ ಬಂದಿರಲಿಲ್ಲ. ಸುಮಾ ಸುಲಿದ ಮೂಸಂಬಿಯನ್ನು ಒಂದೊಂದೇ ತೊಳೆ ಬಿಡಿಸಿ, ನಿಧಾನವಾಗಿ, ಪೂರ್ತಿ ತಾನೇ ತಿಂದಳು.