ಆರು ಮನೆ ಚೌಕಟ್ಟಿಗೊಂದು ಆಧಾರ

ಬೆಳಿಗ್ಗೆ ಕಳ್ಳಂಬೆಳ್ಳದ ಪಂಚಾಯ್ತಿ ಲೈಬ್ರರಿಯ ಬಾಗಿಲು ತೆಗೆದು ಕುಮಾರಸ್ವಾಮಿ ಫೋನ್ ನೋಡಿದಾಗ, ಅಂತರ್ಜಾಲದ ವಿಶ್ವಕೋಶದಲ್ಲಿ ಅವನು ಬರೆದಿದ್ದ ಪುಟದ ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ಪಟ್ಟಿಯೊಂದು, ಬೀಗ ಜಡಿದ ಮನೆಗೆ ಅಂಟಿಸಿದ ನೋಟೀಸಿನಂತೆ ಕೂತಿತ್ತು.

‘ಈ ವಿಷಯ ಗಮನಾರ್ಹ ಎನ್ನಲು ಸ್ವತಂತ್ರ ಆಧಾರವಿಲ್ಲ. ಇಂದು ಸಂಜೆ ಆರರೊಳಗೆ ಒದಗಿಸದಿದ್ದರೆ ಲೇಖನ ಅಳಿಸಲಾಗುವುದು.’ ಕೆಳಗೆ ಸಹಿ: ನೀಲಿಪೆನ್ನು. ಅದು ವಿಶ್ವಕೋಶದ ಸಂಪಾದಕರೊಬ್ಬರ ಅಡ್ಡಹೆಸರು. ಗಂಡೋ ಹೆಣ್ಣೋ, ಯಾವ ಊರೋ, ದೇವರಿಗೇ ಗೊತ್ತು.

ಪುಟದ ಹೆಸರು ‘ಶಂಕರಲಿಂಗಪ್ಪ ಚೌಕಟ್ಟು’. ಶಂಕರಲಿಂಗಪ್ಪ ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಇದೇ ಲೈಬ್ರರಿಯಲ್ಲಿ ಭಾನುವಾರದ ಓದುಬಳಗ ಕಟ್ಟಿದವರು. ಒಂದು ಸಂಸ್ಥೆಯ ಕೆಲಸ ಯಾವ ಕಂಬದ ಮೇಲೆ ನಿಂತಿದೆ, ಯಾವ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಮನೆಯ ನಕ್ಷೆಯಂತೆ ಬಿಡಿಸಿ ತೋರಿಸುವ ವಿಧಾನಕ್ಕೆ ದೊಡ್ಡ ಕಂಪನಿಗಳವರು ಆರ್ಕಿಟೆಕ್ಚರ್ ಫ್ರೇಮ್‌ವರ್ಕ್ ಎನ್ನುತ್ತಾರೆ. ಮೇಷ್ಟ್ರು ಅದನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿದ್ದರು. ಆರು ಮನೆ: ಏನು, ಎಲ್ಲಿ, ಯಾವಾಗ, ಹೇಗೆ, ಯಾಕೆ, ಯಾರು. ನಲವತ್ತೊಂದು ವಿಧವೆಯರ ಪಿಂಚಣಿ ಅರ್ಜಿ ಒಂದು ಕಚೇರಿಯಲ್ಲಿ ಎರಡು ವರ್ಷ ಕೊಳೆಯುತ್ತಿದ್ದಾಗ, ಪ್ರತಿ ಅರ್ಜಿಗೂ ಒಂದೊಂದು ಚಾರ್ಟ್ ಬರೆದು ಕಚೇರಿಯ ಎದುರಿನ ಬೇವಿನ ಮರಕ್ಕೆ ತೂಗುಹಾಕಿದರು. ಐದು ಮನೆ ತುಂಬಿದ್ದವು. ರುಜು ಹಾಕಬೇಕಾದವರು ‘ಯಾರು’ ಎಂಬ ಮನೆ ನಲವತ್ತೊಂದರಲ್ಲೂ ಖಾಲಿ. ಆ ಖಾಲಿಯನ್ನು ನೋಡಿ ಊರೇ ನಕ್ಕಿತು. ಊರಿನ ನಗೆ ತಾಳಲಾರದೆ ಕಚೇರಿ ಮೂರು ವಾರದಲ್ಲಿ ಎಲ್ಲ ಅರ್ಜಿಗೂ ರುಜು ಹಾಕಿತು.

ಮೇಷ್ಟ್ರು ತೀರಿಕೊಂಡು ಎರಡು ವರ್ಷ. ಅವರ ಹೆಸರಿನಲ್ಲಿ ಬೀದಿಯಿಲ್ಲ, ಕಲ್ಲಿಲ್ಲ. ಇದ್ದದ್ದು ಈ ಪುಟ ಒಂದೇ. ಅವರ ಹೆಂಡತಿ ಗಂಗಾಂಬಿಕಾಗೆ ಕಣ್ಣು ಮಂಜು. ದಿನಾ ಒಂಬತ್ತಕ್ಕೆ ಲೈಬ್ರರಿಗೆ ಬಂದು, “ಓದಪ್ಪ ಕುಮಾರ” ಎಂದು ಕೂರುವರು. “ಇದು ಕಲ್ಲಲ್ಲಿ ಕೆತ್ತಿದಂಗೆ ಅಕ್ಕ, ಇನ್ನು ಯಾರೂ ಅಳ್ಸಾಕಾಗಲ್ಲ” ಎಂದು ಮೊದಲ ದಿನವೇ ಕುಮಾರಸ್ವಾಮಿ ಜಂಬ ಕೊಚ್ಚಿದ್ದ.

ಈವತ್ತೂ ಬಂದರು. ಅವನು ಕಿತ್ತಳೆ ಪಟ್ಟಿಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಓದಿದ. ಆ ಕಣ್ಣಿಗೆ ಪಟ್ಟಿ ಹೇಗೂ ಕಾಣುತ್ತಿರಲಿಲ್ಲ, ಮುಚ್ಚಿಕೊಂಡದ್ದು ತನಗಾಗಿಯೇ.

“ಯಾಕಪ್ಪ, ದನಿ ಒಂಥರಾ ಐತೆ?”

“ಶೀತ ಅಕ್ಕ.”

ಆಕೆ ಹೋದದ್ದೇ ತಡ, ಎದುರಿನ ಟೀ ಅಂಗಡಿಯ ದಾಸಣ್ಣ ಒಳಗೆ ಬಂದು ಇದ್ದದ್ದೆಲ್ಲ ಬಾಯಿಬಿಡಿಸಿದ.

“ಇಷ್ಟೇಯಾ? ಜನ ಇಲ್ಲ ಅಂದ್ಕೊಂಡವ್ನೆ ಕಣ್ಲಾ ಅವ್ನು. ಜನ ತೋರ್ಸಾನ ಬಾ.”

ಒಂದು ಗಂಟೆಯಲ್ಲಿ ಲೈಬ್ರರಿ ತುಂಬಿತು. ಮನವಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಅಭ್ಯಾಸವಿದ್ದ ಊರು. ಲೈಬ್ರರಿಯ ಒಂದೇ ವೈಫೈನಲ್ಲಿ ಮೂವತ್ತನಾಲ್ಕು ಖಾತೆ ತೆರೆದು, ಚರ್ಚೆಯ ಪುಟದಲ್ಲಿ ಮೂವತ್ತನಾಲ್ಕು ಸಲ ಒಂದೇ ಸಾಲು ಬರೆಯಿತು: ‘ಮೇಷ್ಟ್ರು ಒಳ್ಳೆಯವರು, ಉಳಿಸಿ.’ ಟೀ ಮುಗಿಯುವುದರೊಳಗೆ ಉತ್ತರ ಬಂತು. ‘ಒಬ್ಬನೇ ಮೂವತ್ತನಾಲ್ಕು ವೇಷ ಹಾಕಿರುವ ಅನುಮಾನ. ಎಲ್ಲ ಖಾತೆಗೂ ತಡೆ. ಇಲ್ಲಿ ತಲೆ ಎಣಿಸುವುದಿಲ್ಲ, ಆಧಾರ ನೋಡುತ್ತೇವೆ.’

ದಾಸಣ್ಣನ ಮುಖ ಒಡೆದ ಹಾಲಿನಂತಾಯಿತು. “ನನ್ನೇ ವೇಷ ಅಂತಾನಲ್ಲೋ. ನಾನು ನಾನೇ ಅನ್ನಾಕೆ ಈಗ ಯಾವ ಪೇಪರ್ ತರ್ಲಿ?”

ಕುಮಾರಸ್ವಾಮಿಯ ಖಾತೆಗೂ ಬೀಗ ಬಿದ್ದಿತ್ತು. ಸಿರಾ ಬಸ್ಸು ಹತ್ತಿದ. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಮುಬಶ್ಶಿರ್, ಮೇಷ್ಟ್ರ ಓದುಬಳಗದಲ್ಲೇ ಕನ್ನಡ ತಿದ್ದಿಕೊಂಡವನು, ತನ್ನ ಖಾತೆಯಿಂದ ಬರೆದ. ಶಿಷ್ಯರು ಕಣ್ಣಾರೆ ಕಂಡಿದ್ದಾರೆ ಎಂದರೆ, ಶಿಷ್ಯರು ಸ್ವತಂತ್ರರಲ್ಲ ಎಂದಿತು ನೀಲಿಪೆನ್ನು. ಪಿಂಚಣಿ ಪಡೆದ ಹೆಂಗಸರಿದ್ದಾರೆ ಎಂದರೆ, ಬಾಯಿಮಾತು ನಡೆಯದು, ಅಚ್ಚಾದದ್ದು ಬೇಕು ಎಂದಿತು.

“ಅರೆ ಸಾರ್, ನಮಗೆ ದೋಸ್ತ್ ಬ್ಯಾಡ, ದುಶ್ಮನ್ ಬೇಕು,” ಎಂದ ಮುಬಶ್ಶಿರ್. “ಮೇಷ್ಟ್ರಿಗೆ ಆಗದೇ ಇರೋರು ಯಾರಾನ ಪೇಪರ್‌ನಾಗೆ ಏನಾನ ಅಂದಿದ್ರೆ, ಅದು ಪಕ್ಕಾ.”

ದುಶ್ಮನ್ ಒಬ್ಬನಿದ್ದ. ಆ ಕಚೇರಿಯ ಮ್ಯಾನೇಜರಾಗಿದ್ದ ಪರ್ವತಯ್ಯ. ನಿವೃತ್ತನಾಗಿ ಮಧುಗಿರಿಯಲ್ಲಿದ್ದಾನೆ. ಕುಮಾರಸ್ವಾಮಿ ಮತ್ತೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಂದೇ ಮಾತು ಅವನನ್ನು ಕುಟುಕುತ್ತಿತ್ತು: ಕಚೇರಿಯನ್ನು ಪ್ರಶ್ನೆ ಕೇಳಿದವನು ಇದ್ದನೆನ್ನುವುದಕ್ಕೂ ಕಚೇರಿಯವನೇ ಸಾಕ್ಷಿ ಹೇಳಬೇಕು.

ಬೆಟ್ಟದ ಬುಡದ ಆ ಮನೆ ತಲುಪಿದಾಗ ಐದು ಗಂಟೆ. ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಗೋಡೆಯ ಮೇಲೆ, ಗಾಜಿನ ಫ್ರೇಮಿನೊಳಗೆ, ಹಳದಿ ತಿರುಗಿದ ಪತ್ರಿಕೆಯ ತುಣುಕು. ತಲೆಬರಹ: ‘ಆರು ಮನೆ ಚಾರ್ಟ್: ಅರ್ಜಿಗಳಿಗೆ ಬಂತು ಜೀವ’. ಕೆಳಗೆ ಫೋಟೋ: ಬೇವಿನ ಮರ, ಚಾರ್ಟ್, ನಡುವೆ ಪರ್ವತಯ್ಯ, ಪಕ್ಕದಲ್ಲಿ ಮೇಷ್ಟ್ರು. ಮೇಷ್ಟ್ರ ಬೆರಳು ‘ಯಾರು’ ಮನೆಯ ಮೇಲೆ.

ಬಂದ ಕೆಲಸ ಕೇಳಿ ಪರ್ವತಯ್ಯ, “ಮೇಷ್ಟ್ರ ಮನೆಯಮ್ಮ ಚೆನ್ನಾಗವ್ರಾ?” ಎಂದ.

“ಕಣ್ಣು ಕಾಣಲ್ಲ ಸಾರ್. ದಿನಾ ಆ ಪುಟ ಓದಿಸ್ಕೊಂಡು ಹೋಗ್ತಾರೆ.”

“ಹಂಗಾರೆ ಫೋಟೋ ತೆಕ್ಕೊ. ಗಾಜಿನ ಮೇಲಿಂದ್ಲೇ ತೆಕ್ಕೊ. ಫ್ರೇಮ್ ಮಾತ್ರ ಬಿಚ್ಚಬ್ಯಾಡ ಕಣಯ್ಯ, ಹಳೇ ಕಾಗದ, ಪುಡಿಯಾಗ್ತದೆ,” ಎಂದು ಕಾಫಿ ಕಾಯಿಸಲು ಒಳಗೆ ಹೋದ.

ಫೋಟೋ ಸಿರಾಕ್ಕೆ ಹಾರಿತು, ಮುಬಶ್ಶಿರ್ ಏರಿಸಿದ. ಉತ್ತರ ಬಂದಾಗ ಆರಕ್ಕೆ ಹನ್ನೆರಡು ನಿಮಿಷ ಬಾಕಿ. ‘ಪತ್ರಿಕೆಯ ಹೆಸರು, ದಿನಾಂಕ ಇಲ್ಲ. ಪೂರ್ತಿ ಸುದ್ದಿ ಬೇಕು.’

ಕುಮಾರಸ್ವಾಮಿ ಅಡುಗೆಮನೆಯ ಕಡೆ ನೋಡಿದ, ಗಡಿಯಾರ ನೋಡಿದ, ಫ್ರೇಮ್ ಇಳಿಸಿದ. ಹಿಂದಿನ ಮೊಳೆಗಳನ್ನು ಉಗುರಿನಿಂದ ಮೀಟಿ ತೆಗೆದ. ಕಾಗದದ ಕೆಳಗಿನ ಅರ್ಧ ಹಿಂದಕ್ಕೆ ಮಡಚಿತ್ತು. ಅದರಲ್ಲಿ ಪತ್ರಿಕೆಯ ಹೆಸರಿತ್ತು, ದಿನಾಂಕವಿತ್ತು, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಸುದ್ದಿಯೂ ಇತ್ತು. ಬಿಡಿಸಿದ, ಫೋಟೋ ಹೊಡೆದ, ಕಳಿಸಿದ. ಹದಿನೆಂಟು ವರ್ಷ ಲೈಬ್ರರಿಯಲ್ಲಿ ಕೂತು ಊರಿಗೆ ‘ಪೂರ್ತಿ ಓದಿ, ಆಮೇಲೆ ಮಾತಾಡಿ’ ಎಂದು ಪಾಠ ಹೇಳಿದವನು ಆ ಒಂದು ದಿನ ಓದಲಿಲ್ಲ.

ಆರಕ್ಕೆ ಎರಡು ನಿಮಿಷ ಇರುವಾಗ ಮುಬಶ್ಶಿರ್ ಫೋನ್ ಮಾಡಿದ. “ಉಳೀತು ಸಾರ್. ಪಟ್ಟಿ ತೆಗೆದ್ರು.” ಫೋನ್ ಇಡುವ ಮೊದಲು, “ಒಂದ್ಸಲ ಪುಟ ನೋಡ್ಬಿಡಿ,” ಎಂದ.

ಪರ್ವತಯ್ಯ ಎರಡು ಲೋಟ ಹಿಡಿದು ಬಂದವನು ಬಿಚ್ಚಿದ ಫ್ರೇಮ್ ನೋಡಿ, ಕಾಫಿ ಕೆಳಗಿಟ್ಟು, ನೆಲದ ಮೇಲೇ ಕೂತ.

“ಬಿಚ್ಚಿಬುಟ್ಯಾ?”

ಕುಮಾರಸ್ವಾಮಿ ಫೋನ್ ಹಿಡಿದು ನಿಂತಿದ್ದ. ಪುಟ ಉಳಿದಿತ್ತು. ಆದರೆ ಸುದ್ದಿ ಓದಿದ ನೀಲಿಪೆನ್ನು ಶೀರ್ಷಿಕೆಯನ್ನೇ ಬದಲಿಸಿತ್ತು: ‘ಪರ್ವತಯ್ಯ ಚೌಕಟ್ಟು’. ‘ಕಚೇರಿಯ ಮ್ಯಾನೇಜರ್ ಪರ್ವತಯ್ಯ ಸ್ವತಃ ರೂಪಿಸಿದ ವಿಧಾನ. ಚಿತ್ರದಲ್ಲಿ ಪರ್ವತಯ್ಯ ಮತ್ತು ಸ್ಥಳೀಯರೊಬ್ಬರು.’ ಪಕ್ಕದಲ್ಲಿ ಪುಟ್ಟ ಅಂಕಿ, ಆಧಾರ ಒಂದು.

“ವರದಿಗಾರ ಬಂದು ಇದ್ಯಾರು ಮಾಡಿದ್ದು ಅಂದ,” ಪರ್ವತಯ್ಯ ನೆಲ ನೋಡುತ್ತ ಹೇಳಿದ. “ನಮ್ಮ ಮೇಲಿನ ಸಾಹೇಬ್ರು ಪಕ್ಕದಾಗೇ ನಿಂತಿದ್ರು. ನಾನೇ ಅಂದ್ಬುಟ್ಟೆ. ಮೇಷ್ಟ್ರು ಕೇಳಿಸ್ಕೊಂಡ್ರು, ನಕ್ರು. ಅರ್ಜಿ ಪಾಸ್ ಮಾಡಿ ಸಾಕು ಅಂದ್ರು. ಆ ಮೇಲೆ ಆ ಸುಳ್ಳನ್ನ ಓದಾಕೇ ಆಗ್ಲಿಲ್ಲ. ಅದ್ಕೇ ಮಡಚಿ ಫ್ರೇಮ್ ಹಾಕ್ಸಿದ್ದು.”

“ಈಗ ಹೇಳಿ ಸಾರ್. ನಾನಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿ.”

ಹೇಳಿದ. ಹೆಸರು, ಹುದ್ದೆ, ತಪ್ಪೊಪ್ಪಿಗೆ ಎಲ್ಲ ಫೋನಿನಲ್ಲಿ ಹೇಳಿದ. ಮುಬಶ್ಶಿರ್ ಅಕ್ಷರ ಬಿಡದೆ ಬರೆದ. ನೀಲಿಪೆನ್ನು ಈ ಸಲ ತಡ ಮಾಡಲಿಲ್ಲ. ‘ಲೇಖನದ ವ್ಯಕ್ತಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಸ್ವತಂತ್ರ ಆಧಾರವಲ್ಲ. ಚರ್ಚೆ ಮುಗಿದಿದೆ.’

ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಫೋನ್ ಮತ್ತೆ ಹೊಡೆದುಕೊಂಡಿತು. ಗಂಗಾಂಬಿಕಾ.

“ದಾಸಣ್ಣ ಎಲ್ಲಾ ಹೇಳ್ದ ಕಣಪ್ಪ. ದಿನಾಪೂರ್ತಿ ಅಲ್ದಾಡಿದ್ಯಂತೆ. ಉಳೀತಾ?”

“ಉಳೀತು ಅಕ್ಕ.”

“ಇನ್ನು ಯಾರೂ ಅಳ್ಸಾಕಾಗಲ್ಲ ತಾನೆ?”

ಕುಮಾರಸ್ವಾಮಿ ಗೋಡೆಯ ಮೇಲೆ ಫ್ರೇಮ್ ಇದ್ದ ಜಾಗದ ಬಿಳಿ ಚೌಕವನ್ನೇ ನೋಡುತ್ತಿದ್ದ.

“ಆಗಲ್ಲ ಅಕ್ಕ.”

“ಹಂಗಾರೆ ಬೆಳಿಗ್ಗೆ ಒಂಬತ್ತಕ್ಕೆ ಬತ್ತೀನಿ. ನಾಳೆ ನಿಧಾನಕ್ಕೆ ಓದು.”